ಗುಲಾಬಿಯ ಹಳೆಯ ಔಷಧಿಗಳು ಹೋದವು. ಇನ್ನು ತೋಟ ಕಾಯುವ ಬಗೆ



ಗುಲಾಬಿ ಬೆಳೆಯುವ ಊರುಗಳಿಗೆ ಹೋದಾಗಲೆಲ್ಲ ನನ್ನ ಮುಂದೆ ಒಂದೇ ಪ್ರಶ್ನೆ ಬರುತ್ತದೆ. “ಕೆಂಪು ನುಸಿಗೆ ಹೊಡೆಯುತ್ತಿದ್ದ ಔಷಧಿ ಅಂಗಡಿಯಲ್ಲಿ ಕೊಡುತ್ತಿಲ್ಲ. ಬೂದಿ ರೋಗಕ್ಕೆ ಹೊಡೆಯುತ್ತಿದ್ದದ್ದೂ ಇಲ್ಲವಂತೆ. ಸರ್ಕಾರವೇ ನಿಲ್ಲಿಸಿದೆಯಂತೆ. ಹಾಗಾದರೆ ನಾವು ಗುಲಾಬಿ ಬಿಟ್ಟು ಬೇರೆ ಬೆಳೆ ಹಾಕಬೇಕೆ?” ಚಿಕ್ಕಬಳ್ಳಾಪುರ, ಕೋಲಾರ, ದೊಡ್ಡಬಳ್ಳಾಪುರದ ಕಡೆ ಕಾಲೆಕರೆ, ಅರ್ಧ ಎಕರೆ ಗುಲಾಬಿಯನ್ನೇ ನಂಬಿ ಮನೆಯ ವಾರದ ಖರ್ಚು ತೂಗಿಸುವ ಸಂಸಾರಗಳು ಸಾಕಷ್ಟಿವೆ. ಅವರ ಪಾಲಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದ ಈ ವಾರ ಸರ್ಕಾರದ ಆಜ್ಞೆ ಏನು ಹೇಳುತ್ತದೆ, ಅದಕ್ಕೆ ಕಾರಣವೇನು, ಅದರಿಂದ ನಿಮಗೆ ಆಗುವ ನಷ್ಟವೆಷ್ಟು, ಆ ಔಷಧಿಗಳಿಲ್ಲದೆ ಗಿಡವನ್ನು ಆರೋಗ್ಯವಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ವಿಚಾರ ಮಾಡೋಣ.

ಆಜ್ಞೆಯ ಹಿನ್ನೆಲೆ

ಕೇಂದ್ರ ಸರ್ಕಾರವು 2023ರಲ್ಲಿ ಕೆಲವು ಕೀಟನಾಶಕ ಮತ್ತು ರೋಗನಾಶಕಗಳ ತಯಾರಿಕೆ, ಮಾರಾಟ ಹಾಗೂ ಬಳಕೆಯನ್ನು ನಿಲ್ಲಿಸಿ ಆಜ್ಞೆ ಹೊರಡಿಸಿತು. ಡೈಕೋಫಾಲ್, ಡೈನೋಕ್ಯಾಪ್, ಮೆಥೋಮಿಲ್ ಇವು ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಮೊದಲಿನ ಎರಡು ಗುಲಾಬಿ ಬೆಳೆಗಾರರಿಗೆ ಬಹಳ ಹಳೆಯ ಪರಿಚಯ. ನುಸಿ ಎಂದರೆ ಡೈಕೋಫಾಲ್, ಬೂದಿ ರೋಗ ಎಂದರೆ ಡೈನೋಕ್ಯಾಪ್ ಎಂದು ನಾವು, ಅಂದರೆ ಬೇಸಾಯ ಇಲಾಖೆಗಳಲ್ಲಿ ಕೆಲಸ ಮಾಡುವವರು, ವರ್ಷಗಟ್ಟಲೆ ಪಾಠ ಒಪ್ಪಿಸಿದಂತೆ ಹೇಳುತ್ತ ಬಂದೆವು. ಡೈನೋಕ್ಯಾಪಿಗೆ ಬೂದಿಯ ಜತೆಗೆ ನುಸಿಯನ್ನೂ ಅಡಗಿಸುವ ಗುಣವಿದ್ದುದರಿಂದ ರೈತರಿಗೆ ಅದು ಇನ್ನಷ್ಟು ಹಿಡಿಸಿತ್ತು.

ಇವನ್ನು ನಿಲ್ಲಿಸಿದ್ದು ಯಾರೋ ಅಧಿಕಾರಿಯ ಹಟದಿಂದಲ್ಲ. ಡೈಕೋಫಾಲನ್ನು ತಯಾರಿಸುವುದು ಡಿ.ಡಿ.ಟಿ.ಯಿಂದ. ಬೇಸಾಯದಲ್ಲಿ ಡಿ.ಡಿ.ಟಿ. ಬಳಸಕೂಡದೆಂದು ನಮ್ಮ ದೇಶದಲ್ಲಿ 1989ರಲ್ಲಿಯೇ ತೀರ್ಮಾನವಾಯಿತು. ಆದರೆ ಅದರ ಮಗನಂತಿದ್ದ ಡೈಕೋಫಾಲ್ ಮಾತ್ರ ತೋಟಗಳಲ್ಲಿ ಉಳಿದುಕೊಂಡಿತು. ಇದು ಮಣ್ಣಿನಲ್ಲಿ ಬೇಗ ಕರಗಿ ಹೋಗುವುದಿಲ್ಲ, ಜೀವಿಗಳ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಅದಕ್ಕಾಗಿಯೇ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಇದನ್ನು ಲೋಕದಿಂದಲೇ ತೆಗೆದುಹಾಕಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದವು. ಡೈನೋಕ್ಯಾಪಿನ ದೋಷ ಬೇರೆ ಬಗೆಯದು. ಪ್ರಯೋಗದ ಪ್ರಾಣಿಗಳಲ್ಲಿ ಅದು ಗರ್ಭದಲ್ಲಿನ ಮರಿಗಳಿಗೆ ಹಾನಿ ಮಾಡಿದ್ದು ಕಂಡುಬಂದಿತ್ತು. ಗುಲಾಬಿ ಕೊಯ್ಯುವವರು ಯಾರು ಎಂಬುದನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಬೆಳಗಿನ ಜಾವ ಬುಟ್ಟಿ ಕಟ್ಟಿಕೊಂಡು ಸಾಲಿಗೆ ಇಳಿಯುವವರು ಬಹುಪಾಲು ಹೆಣ್ಣುಮಕ್ಕಳೇ ಅಲ್ಲವೆ?

ವಿಷದ ಮೇಲೆ ಕಾನೂನು ಏಕೆ ಬಂತೆಂಬುದನ್ನೂ ಇಲ್ಲಿ ನೆನೆಯಬೇಕು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಣೆಯ ಕಾಲದಲ್ಲಿ ಆಹಾರ ಪದಾರ್ಥಕ್ಕೆ ಸೋರಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಬಳಿಕ ನಡೆದ ವಿಚಾರಣೆಗಳ ಫಲವಾಗಿ 1968ರ ಕೀಟನಾಶಕ ಕಾಯಿದೆ ಬಂತು. ಡಬ್ಬಿಯ ಮೇಲೆ ಇಂದು ನೀವು ಕಾಣುವ ಬಣ್ಣದ ಗುರುತು, ಬೆಳೆಯ ಹೆಸರು, ಪ್ರಮಾಣ ಇವೆಲ್ಲ ಆ ಕಾಯಿದೆ ಮತ್ತು ಅದರ ನಿಯಮಗಳಿಂದ ಬಂದವು. ನಾವು ‘ಔಷಧಿ’ ಎಂದು ಬಾಯಿ ತುಂಬ ಕರೆಯುವ ಈ ಪದಾರ್ಥ ಕಾಯಿದೆಯ ಕಣ್ಣಿನಲ್ಲಿ ವಿಷವೇ.

ನನ್ನದೇ ಕೈಬರಹದ ಚೀಟಿ

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ. ಕೆಲವು ತಿಂಗಳ ಹಿಂದೆ ಒಂದು ಹಳ್ಳಿಯಲ್ಲಿ ಗುಲಾಬಿ ತೋಟ ನೋಡಲು ಕರೆದರು. ಅರ್ಧ ಎಕರೆ, ಕೆಂಪು ಬಟನ್ ಗುಲಾಬಿ. ಎಲೆಯ ಮೇಲ್ಭಾಗದಲ್ಲಿ ಸೂಜಿ ಚುಚ್ಚಿದಂತೆ ಬಿಳಿ ಚುಕ್ಕೆ, ಕೆಳಗೆ ಸಣ್ಣ ಬಲೆ. ನುಸಿಯೆಂದು ಹೇಳಲು ಭೂತಗನ್ನಡಿ ಬೇಕಿರಲಿಲ್ಲ. “ಏನು ಹೊಡೆದಿದ್ದೀರಿ?” ಎಂದು ಕೇಳಿದೆ. ಆತ ಮನೆಯೊಳಗೆ ಹೋಗಿ ಪಂಚಾಂಗದೊಳಗೆ ಮಡಚಿಟ್ಟಿದ್ದ ಚೀಟಿಯೊಂದನ್ನು ತಂದುಕೊಟ್ಟರು. ಡೈಕೋಫಾಲ್ ಎಂದು ಬರೆದು, ಟ್ಯಾಂಕಿಗೆ ಇಷ್ಟು ಎಂದು ಲೆಕ್ಕವನ್ನೂ ಹಾಕಿತ್ತು.

“ನೀವೇ ಬರ್ದುಕೊಟ್ಟಿದ್ದಲ್ವಾ ಸಾರ್? ಹತ್ತು ಹನ್ನೆರಡು ವರ್ಷ ಆಯ್ತು. ಅದನ್ನೇ ನೋಡ್ಕೊಂಡು ಹೊಡೀತಾ ಇದೀವಿ,” ಎಂದರು.

ಕೈಬರಹ ನನ್ನದೇ. ಬರೆದ ದಿನ ಅದು ತಪ್ಪಾಗಿರಲಿಲ್ಲ. ಆಗಿನ ಶಿಫಾರಸ್ಸು ಹಾಗೆಯೇ ಇತ್ತು. ಆದರೆ ಆಜ್ಞೆ ಬಂದ ಮೇಲೆ ಹೋಗಿ “ಆ ಚೀಟಿ ಹರಿದುಹಾಕಿ” ಎಂದು ಹೇಳುವವರು ಯಾರೂ ಇರಲಿಲ್ಲ, ನಾನೂ ಹೇಳಿರಲಿಲ್ಲ. ಆತ ಎಲ್ಲಿಂದಲೋ ಹಳೆಯ ದಾಸ್ತಾನಿನ ಬಾಟಲಿ ತಂದಿದ್ದರು. ರಸೀದಿ ಇರಲಿಲ್ಲ, ಚೀಟಿಯ ಅರ್ಧ ಕಿತ್ತುಹೋಗಿತ್ತು. ಅವರ ಮನೆಯಾಕೆ ತಮ್ಮ ಮುಂಗೈ ತೋರಿಸಿದರು. ಕೆಂಪಗೆ ಬೊಬ್ಬೆ ಎದ್ದು ಚರ್ಮ ಸುಲಿದಿತ್ತು. “ಹೊಡ್ದ ಮಾರನೇ ದಿನ ಕೊಯ್ದ್ರೆ ಹಿಂಗೇ ಆಗುತ್ತೆ. ತಲೆನೂ ನೋಯುತ್ತೆ. ಆದ್ರೆ ಮಾರ್ಕೆಟ್ಟು ಬಿಡಕ್ಕಾಗುತ್ತಾ?” ಎಂದರು. ವೈದ್ಯರಿಗೆ ತೋರಿಸಿ ಎಂದು ಹೇಳಿ ಬಂದೆ. ಅಷ್ಟೆಲ್ಲ ಮಾಡಿದ ಮೇಲೂ ತೋಟದ ನುಸಿ ಮಾತ್ರ ಸತ್ತಿರಲಿಲ್ಲ.

ಸಾಯದೆ ಇದ್ದದ್ದೇಕೆ? ಬಿಸಿಲು ಕಾಲದಲ್ಲಿ ನುಸಿಯ ಒಂದು ತಲೆಮಾರು ಹತ್ತು ದಿನದೊಳಗೆ ಮುಗಿದು ಮುಂದಿನದು ಬರುತ್ತದೆ. ಒಂದೇ ವಿಷವನ್ನು ವರ್ಷಾನುವರ್ಷ ಹೊಡೆದರೆ ಅದನ್ನು ತಡೆದುಕೊಳ್ಳುವವು ಮಾತ್ರ ಉಳಿದು ಸಂತಾನ ಬೆಳೆಸುತ್ತವೆ. ಅತ್ತ ನುಸಿಯನ್ನು ತಿನ್ನುವ ಉಪಕಾರಿ ನುಸಿ ಮತ್ತು ಗುಲಗಂಜಿ ಹುಳುಗಳು ಸಿಂಪರಣೆಗೆ ಮೊದಲು ಸಾಯುತ್ತವೆ. ಹೀಗಾಗಿ ನಾವು ದುಡ್ಡು ಕೊಟ್ಟು ನುಸಿಯ ಶತ್ರುವನ್ನು ಕೊಂದು, ನುಸಿಯನ್ನು ಸಾಕಿದಂತಾಗುತ್ತದೆ.

ಹೂವು ತಿನ್ನುವ ವಸ್ತುವಲ್ಲ ಎಂಬ ಮಾತು

“ತರಕಾರಿಯಾದರೆ ಸರಿ, ಹೂವನ್ನು ಯಾರು ತಿನ್ನುತ್ತಾರೆ?” ಎಂದು ಕೆಲವರು ವಾದ ಮಾಡುವುದುಂಟು. ಬೆಲ್ಜಿಯಂ ದೇಶದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ಅಂಗಡಿಗಳಿಂದ ಕೊಂಡ ಗುಲಾಬಿ, ಜರ್ಬೆರಾ, ಸೇವಂತಿಗೆಯ 90 ಹೂಗುಚ್ಛಗಳನ್ನು ನೋಡಿದರು. ಒಟ್ಟು 107 ಬಗೆಯ ಸಸ್ಯ ಸಂರಕ್ಷಣಾ ವಿಷಗಳ ಶೇಷ ಸಿಕ್ಕಿತು. ಹೆಚ್ಚಿನ ಹೊರೆ ಗುಲಾಬಿಯ ಮೇಲೆಯೇ ಇತ್ತು. ಹೂವನ್ನು ದಿನವಿಡೀ ಮುಟ್ಟುವ ಅಂಗಡಿಯವರ ಕೈಗೆ ಅದು ಅಂಟುತ್ತದೆಂಬುದೇ ಅವರ ಚಿಂತೆ. ಅಲ್ಲಿ ಗುಚ್ಛ ಕಟ್ಟುವವರಿಗೇ ಆ ಚಿಂತೆಯಾದರೆ, ಇಬ್ಬನಿಯಲ್ಲಿ ಒದ್ದೆಯಾದ ಎಲೆಗಳ ನಡುವೆ ಬರಿಗೈಯಲ್ಲಿ ಕೊಯ್ಯುವ ನಮ್ಮವರ ಗತಿ ಏನು?

ಅಲ್ಲದೆ ನಮ್ಮಲ್ಲಿ ಹೂವು ಹೂದಾನಿಯಲ್ಲಿ ನಿಲ್ಲುವುದಿಲ್ಲ. ತಾಯಂದಿರು ಮುಡಿಯುತ್ತಾರೆ. ದೇವರಿಗೆ ಏರಿಸಿ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತೇವೆ. ಪನ್ನೀರು ಗುಲಾಬಿಯ ಎಸಳು ಗುಲ್ಕಂದ್ ಆಗಿ ಮಕ್ಕಳ ಬಾಯಿಗೂ ಹೋಗುತ್ತದೆ. ಆದ್ದರಿಂದ ಹೂವು ತಿನ್ನುವ ವಸ್ತುವಲ್ಲ ಎಂಬ ಮಾತಿನ ಹಿಂದೆ ಅಡಗಿಕೊಳ್ಳುವಂತಿಲ್ಲ.

ಮಾರುಕಟ್ಟೆಯ ಒತ್ತಡ

ರೈತ ಅತಿಯಾಗಿ ಸಿಂಪಡಿಸುವುದು ಅಜ್ಞಾನದಿಂದ ಎಂದು ಪಟ್ಟಣದವರು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಹಾಗೆ ಹೇಳಲಾರೆ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿ ಶುಭಕಾರ್ಯವಿಲ್ಲ. ಆಗ ಹೂವನ್ನು ಕೇಳುವವರಿಲ್ಲ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆಯ ಮುನ್ನಾದಿನ ಅದೇ ಹೂವಿಗೆ ಬೆಲೆ ಗಗನಕ್ಕೇರುತ್ತದೆ. ವರ್ಷದ ಲಾಭವೆಲ್ಲ ಇಂಥ ಹತ್ತಿಪ್ಪತ್ತು ದಿನಗಳ ಮೇಲೆ ನಿಂತಿರುವಾಗ, ಹಬ್ಬಕ್ಕೆ ವಾರವಿದೆ ಎನ್ನುವಾಗ ಎಲೆಯ ಮೇಲೆ ಬೂದಿ ಕಂಡರೆ ಯಾರ ಕೈ ಸುಮ್ಮನಿರುತ್ತದೆ? 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಕೊಯ್ದ ಹೂವನ್ನು ತಿಪ್ಪೆಗೆ ಸುರಿದವರು, ಗಿಡವನ್ನೇ ಕಿತ್ತವರು ನಮ್ಮ ನಡುವೆಯೇ ಇದ್ದಾರೆ. ಆ ಸಾಲ ತೀರಿಸುವ ಆತುರವೂ ಸಿಂಪರಣೆಯ ಟ್ಯಾಂಕಿನಲ್ಲಿ ಸೇರಿರುತ್ತದೆ.

ಹೊಸ ನುಸಿನಾಶಕಗಳ ಬೆಲೆ ಹಳೆಯವುಗಳಿಗಿಂತ ಹೆಚ್ಚು ಎಂಬುದೂ ನಿಜ. ಪಾಲಿಹೌಸಿನಲ್ಲಿ ಗುಲಾಬಿ ಬೆಳೆದು ಹೆಬ್ಬಾಳದ ಹರಾಜು ಕೇಂದ್ರಕ್ಕೆ ಕಳಿಸುವವರು ಆ ಖರ್ಚನ್ನು ಹೇಗೋ ಭರಿಸಿಯಾರು. ಬಯಲಿನಲ್ಲಿ ಬೆಳೆದು ಬಿಡಿ ಹೂವನ್ನು ಕೆ.ಜಿ. ಲೆಕ್ಕದಲ್ಲಿ ಮಾರುವವರಿಗೆ ಅದು ಭಾರ. ಹಾಗಿರುವಾಗ ಒಂದು ಬಾಟಲಿ ಹೋಯಿತು, ಇನ್ನೊಂದು ಬಾಟಲಿ ತನ್ನಿ ಎಂದು ಬುದ್ಧಿ ಹೇಳಿದರೆ ಪ್ರಯೋಜನವಿಲ್ಲ. ಬಾಟಲಿಯ ಅಗತ್ಯವೇ ಕಡಿಮೆಯಾಗುವಂತೆ ಗಿಡ ಬೆಳೆಸುವುದೊಂದೇ ಸಣ್ಣ ಬೆಳೆಗಾರನಿಗೆ ಕೈಗೆಟುಕುವ ದಾರಿ. ಇದು ಹೊಸ ವಿದ್ಯೆಯೇನಲ್ಲ. ಬಾಟಲಿ ಸುಲಭವಾಗಿ ಸಿಗತೊಡಗಿದ ಮೇಲೆ ನಾವು ಮರೆತ ಹಳೆಯ ವಿದ್ಯೆ.

ಬಿಸಿಲು, ಗಾಳಿ, ಕತ್ತರಿ

ಗುಲಾಬಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ತೆಂಗು, ಹುಣಸೆಯ ನೆರಳಿನಲ್ಲಿ ಹಾಕಿದ ಗಿಡಕ್ಕೆ ಯಾವ ಔಷಧಿ ಹೊಡೆದರೂ ರೋಗ ಬಿಡದು. ಸಾಲಿನಿಂದ ಸಾಲಿಗೆ 2 ಮೀಟರ್, ಗಿಡದಿಂದ ಗಿಡಕ್ಕೆ 1 ಮೀಟರ್ ಬಿಟ್ಟರೆ ಎಕರೆಗೆ ಸುಮಾರು 2,000 ಗಿಡ ಹಿಡಿಯುತ್ತವೆ. ಇನ್ನೂ ಸಾವಿರ ಗಿಡ ತುರುಕಿದರೆ ಹೂವು ಹೆಚ್ಚುತ್ತದೆಂದು ಅನೇಕರು ಭಾವಿಸುತ್ತಾರೆ. ಗಿಡಗಳು ಒಂದಕ್ಕೊಂದು ಹೆಣೆದುಕೊಂಡು ಗಾಳಿಯಾಡದೆ, ಬೆಳಗಿನ ಇಬ್ಬನಿ ಹತ್ತು ಗಂಟೆಯಾದರೂ ಆರದೆ ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತಾಗುತ್ತದೆ.

ಚಾಟನಿಯೇ ಗುಲಾಬಿಯ ಮೊದಲ ಔಷಧಿ. ಬೆಂಗಳೂರು ಸುತ್ತಿನ ಹವೆಗೆ ಜೂನ್ ಮತ್ತು ನವೆಂಬರಿನಲ್ಲಿ ಎರಡು ಸಲ ಚಾಟನಿ ಮಾಡುವ ರೂಢಿಯಿದೆ. ಒಣಗಿದ, ರೋಗ ಹಿಡಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಮೊದಲು ತೆಗೆಯಿರಿ. ಗಿಡದ ನಡುವೆ ಬಟ್ಟಲಿನಂತೆ ತೆರವಿರಬೇಕು. ಹೊರಮುಖವಾದ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ. ಚಾಟನಿಯಾದ 45ರಿಂದ 50 ದಿನಕ್ಕೆ ಹೂವು ಬರುತ್ತದೆ, ಚಳಿ ಹೆಚ್ಚಿದ್ದರೆ ಕೆಲವು ದಿನ ತಡವಾಗುತ್ತದೆ. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಚಾಟನಿಯ ದಿನ ಗೊತ್ತುಮಾಡಿ. ಆದರೆ ತೋಟವನ್ನೆಲ್ಲ ಒಂದೇ ದಿನ ಕತ್ತರಿಸಬೇಡಿ. ಮೂರು ಭಾಗ ಮಾಡಿ, ಹತ್ತು ದಿನದ ಅಂತರದಲ್ಲಿ ಕತ್ತರಿಸಿದರೆ ಬೆಲೆ ಬಿದ್ದ ದಿನವೇ ಎಲ್ಲ ಹೂವೂ ಅರಳುವ ಆಪತ್ತು ತಪ್ಪುತ್ತದೆ. ಸಿಂಪರಣೆ ಬೇಕಾದರೂ ಒಂದು ಭಾಗಕ್ಕೆ ಮಾತ್ರ ಮಾಡಬಹುದು.

ಚಾಟನಿಯ ಬಳಿಕ ಕಡ್ಡಿ ತುದಿಯಿಂದ ಕೆಳಕ್ಕೆ ಕಪ್ಪಗೆ ಒಣಗುತ್ತ ಬರುವುದನ್ನು ನೋಡಿರುತ್ತೀರಿ. ಇದು ಗಾಯದ ಮೂಲಕ ಒಳಹೊಕ್ಕ ಶಿಲೀಂಧ್ರದ ಕೆಲಸ. ಕಪ್ಪು ಭಾಗಕ್ಕಿಂತ ಎರಡು ಅಂಗುಲ ಕೆಳಗೆ, ಒಳಗಿನ ತಿರುಳು ಬೆಳ್ಳಗೆ ಕಾಣುವಲ್ಲಿ ಕತ್ತರಿಸಿ, ಬೋರ್ಡೋ ಮುಲಾಮನ್ನಾಗಲಿ ತಾಮ್ರದ ಆಕ್ಸಿಕ್ಲೋರೈಡ್ ಮುಲಾಮನ್ನಾಗಲಿ ಹಚ್ಚಿ. ಎಲೆಯಿಲ್ಲದೆ ಬೋಳಾಗಿರುವ ಗಿಡಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಿದರೆ ಹಳೆಯ ರೋಗದ ಬೀಜಾಣುಗಳೂ ಕಡಿಮೆಯಾಗುತ್ತವೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸಿ, ಅಂದೇ ಬಳಸಬೇಕು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದನ್ನು ರೂಢಿಗೆ ತಂದವರು ಆಗಿನ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅಗ್ಗದ ಔಷಧಿಯೆಂದು ತಾತ್ಸಾರ ಬೇಡ. ಎಳೆ ಎಲೆ, ಮೊಗ್ಗು ಇರುವಾಗ ಮಾತ್ರ ಹೊಡೆಯಬೇಡಿ, ಸುಡುತ್ತದೆ.

ಕಸಿ ಕಟ್ಟಿದ ಜಾಗದ ಕೆಳಗಿನಿಂದ ಬರುವ ಅಡಿಚಿಗುರನ್ನು ಕಂಡಕೂಡಲೇ ಬುಡದಿಂದ ಕಿತ್ತುಹಾಕಿ. ಏಳು ಎಲೆಯಿದ್ದರೆ ಕಾಡು ಚಿಗುರು, ಐದಿದ್ದರೆ ಒಳ್ಳೆಯದು ಎಂಬ ಲೆಕ್ಕವನ್ನು ಪೂರ್ತಿ ನಂಬಬೇಡಿ. ಒಳ್ಳೆಯ ತಳಿಯಲ್ಲಿಯೂ ಏಳೆಲೆ ಬರುವುದುಂಟು. ಚಿಗುರು ಎಲ್ಲಿಂದ ಹೊರಟಿದೆ ಎಂಬುದನ್ನು ಮಣ್ಣು ಸರಿಸಿ ನೋಡುವುದೇ ಸರಿ.

ಚಾಟನಿಯ ನಂತರ ಗಿಡಕ್ಕೆ 10 ಕೆ.ಜಿ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಕೊಡಿ. ಯೂರಿಯಾ ಅಗ್ಗವೆಂದು ಕೈಗೆ ಬಂದಷ್ಟು ಎರಚಬೇಡಿ. ಅದರಿಂದ ಬರುವ ಮೆತ್ತನೆಯ ಕೊಬ್ಬಿದ ಚಿಗುರು ಬೂದಿ ರೋಗಕ್ಕೂ ಸಸ್ಯ ಹೇನಿಗೂ ಹಬ್ಬದೂಟ. ನೀರನ್ನು ಬುಡಕ್ಕೆ ಕೊಡಿ, ಬೆಳಗ್ಗೆ ಕೊಡಿ. ಹನಿ ನೀರಾವರಿಯಿದ್ದರೆ ಇನ್ನೂ ಲೇಸು.

ಯಾವ ಕಾಲಕ್ಕೆ ಯಾವ ಕಾಟ

ಬೂದಿ ರೋಗ ಚಳಿಗಾಲದ್ದು. ಹಗಲು ಒಣ ಹವೆ, ರಾತ್ರಿ ತಂಪು ಮತ್ತು ತೇವ ಇದ್ದರೆ ಎಳೆ ಎಲೆ, ಮೊಗ್ಗಿನ ತೊಟ್ಟಿನ ಮೇಲೆ ಬಿಳಿ ಪುಡಿ ಏಳುತ್ತದೆ, ಎಲೆ ಮುದುಡುತ್ತದೆ. ಮೊದಲ ತುದಿಗಳನ್ನು ಕಂಡಾಗಲೇ ಚಿವುಟಿ ಚೀಲದಲ್ಲಿ ಹಾಕಿಕೊಂಡು ಹೊರಗೆ ಒಯ್ಯಿರಿ. ಡೈನೋಕ್ಯಾಪ್ ಹೋಯಿತೆಂದು ಕೊರಗುವವರಿಗೆ ಅದಕ್ಕಿಂತಲೂ ಹಳೆಯದಾದ ಗಂಧಕ ಉಳಿದಿದೆ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ, 15 ಲೀಟರ್ ಟ್ಯಾಂಕಿಗೆ 45 ಗ್ರಾಂ. ಇದು ನುಸಿಯನ್ನೂ ಸ್ವಲ್ಪ ಮಟ್ಟಿಗೆ ಅಡಗಿಸುತ್ತದೆ. ಆದರೆ ಎರಡು ಎಚ್ಚರಿಕೆ: ಉರಿಬಿಸಿಲಿನಲ್ಲಿ, ಅಂದರೆ ಶಾಖ 32 ಡಿಗ್ರಿ ದಾಟಿದಾಗ ಹೊಡೆಯಬಾರದು; ಬೇವಿನ ಎಣ್ಣೆ ಅಥವಾ ಬೇರೆ ಎಣ್ಣೆ ಹೊಡೆದ ಎರಡು ವಾರದೊಳಗೆ ಹೊಡೆಯಬಾರದು. ಎರಡರಲ್ಲಿ ಯಾವುದನ್ನು ಮೀರಿದರೂ ಎಲೆ ಸುಡುತ್ತದೆ.

ಕೆಂಪು ನುಸಿ ಫೆಬ್ರವರಿಯಿಂದ ಮೇ ತನಕದ ಬಿಸಿಲಿನದು. ವಾರಕ್ಕೊಮ್ಮೆ ಹತ್ತು ಗಿಡಗಳ ಕೆಳ ಎಲೆಗಳನ್ನು ಮಗುಚಿ ನೋಡಿ. ಆರಂಭದಲ್ಲಿ ಬೆಳಗ್ಗೆ ಎಲೆಯ ಅಡಿಭಾಗಕ್ಕೆ ಪೈಪಿನಿಂದ ರಭಸವಾಗಿ ನೀರು ಹಾಯಿಸಿದರೆ ಬಹಳಷ್ಟು ನುಸಿ, ಬಲೆ ತೊಳೆದುಹೋಗುತ್ತದೆ. ಬಿಸಿಲಿಗೆ ಎಲೆ ಬೇಗ ಆರುವುದರಿಂದ ಬೇರೆ ರೋಗದ ಭಯವಿಲ್ಲ. ಮಣ್ಣಿನ ರಸ್ತೆಯ ಧೂಳು ಬೀಳುವ ಸಾಲಿನಲ್ಲಿಯೇ ನುಸಿ ಮೊದಲು ಹೆಚ್ಚುವುದನ್ನು ಗಮನಿಸಿ. ಬೇವಿನ ಬೀಜದ ಕಷಾಯವನ್ನೂ ಬಳಸಬಹುದು. 5 ಕೆ.ಜಿ. ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸೋಪು ಸೇರಿಸಿ 100 ಲೀಟರ್ ಮಾಡಿಕೊಂಡು ಸಂಜೆ ಸಿಂಪಡಿಸಿ. ಒಂದು ತಪ್ಪನ್ನು ಮಾತ್ರ ಮಾಡಬೇಡಿ. ನುಸಿ ಇದೆಯೆಂದು ಸಿಂಥೆಟಿಕ್ ಪೈರೆಥ್ರಾಯಿಡ್ ಗುಂಪಿನ ಕೀಟನಾಶಕ ಹೊಡೆದರೆ ಉಪಕಾರಿ ಜೀವಿಗಳು ಸತ್ತು ನುಸಿ ಇಮ್ಮಡಿಯಾಗುತ್ತದೆ.

ಕಪ್ಪು ಚುಕ್ಕೆ ರೋಗ ಮಳೆಗಾಲದ್ದು. ಎಲೆ ಏಳೆಂಟು ಗಂಟೆ ಒದ್ದೆಯಾಗಿಯೇ ಇದ್ದರೆ ರೋಗ ಅಂಟುತ್ತದೆ. ಅಂಚು ಚದುರಿದ ಕಪ್ಪು ಮಚ್ಚೆ ಬಿದ್ದು, ಸುತ್ತ ಹಳದಿಯಾಗಿ ಎಲೆ ಉದುರುತ್ತದೆ. ಉದುರಿದ ಎಲೆಯಲ್ಲಿಯೇ ರೋಗ ಬದುಕಿದ್ದು ಮಳೆಹನಿಯ ಜತೆ ಮತ್ತೆ ಮೇಲಕ್ಕೆ ಹಾರುತ್ತದೆ. ಆದ್ದರಿಂದ ಇಲ್ಲಿ ಮುಖ್ಯ ಸಾಧನ ಪೊರಕೆ. ಬಿದ್ದ ಎಲೆಯನ್ನು ವಾರಕ್ಕೊಮ್ಮೆ ಗುಡಿಸಿ ಆಳದ ಗುಂಡಿಯಲ್ಲಿ ಹೂಳಿ. ಬುಡಕ್ಕೆ ಒಣ ಹುಲ್ಲಿನ ಹೊದಿಕೆ ಹಾಕಿದರೆ ಮಣ್ಣು ಸಿಡಿಯುವುದಿಲ್ಲ.

ಥ್ರಿಪ್ಸ್ ನುಸಿ ಮೊಗ್ಗಿನೊಳಗೆ ಅಡಗಿ ಎಸಳಿನ ಅಂಚನ್ನು ಕಂದು ಮಾಡುತ್ತದೆ. ಒಳಗೆ ಕೂತದ್ದಕ್ಕೆ ಸಿಂಪರಣೆ ತಲುಪುವುದೇ ಕಷ್ಟ. ನೀಲಿ ಅಂಟು ಹಾಳೆಗಳನ್ನು ಗಿಡದ ಎತ್ತರಕ್ಕೆ ಕಟ್ಟಿ, ಹಾಳಾದ ಹೂವನ್ನು ಗಿಡದಲ್ಲೇ ಬಿಡದೆ ಕೊಯ್ದು ನಾಶಮಾಡಿ.

ಬಾಟಲಿ ಕೊನೆಗೆ

ಇಷ್ಟೆಲ್ಲ ಮಾಡಿಯೂ ರಾಸಾಯನಿಕ ಬೇಕಾಗುವ ದಿನ ಬರುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಬಂದಾಗ ಈ ಐದು ಮಾತನ್ನು ಬಿಡಬೇಡಿ.

ಒಂದು: ಡಬ್ಬಿಯ ಮೇಲಿನ ಚೀಟಿಯಲ್ಲಿ ಗುಲಾಬಿಯ ಹೆಸರಿದೆಯೇ ನೋಡಿ, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ಪ್ರಮಾಣವನ್ನು ಅಂಗಡಿಯವರ ಬಾಯಿಂದಲ್ಲ, ಆ ಚೀಟಿಯಿಂದ ತಿಳಿಯಿರಿ. ಕೆಂಪು ಗುರುತು ಅತ್ಯಂತ ವಿಷ, ಅನಂತರ ಹಳದಿ, ನೀಲಿ, ಹಸಿರು.

ಎರಡು: ರಸೀದಿ ಇಲ್ಲದೆ ಕೊಳ್ಳಬೇಡಿ. ರಸೀದಿ ಕೊಡಲೊಲ್ಲದ ಅಂಗಡಿಯಲ್ಲಿ ನಿಷೇಧವಾದ ಮಾಲೂ ಇರಬಹುದು, ನಕಲಿ ಮಾಲೂ ಇರಬಹುದು.

ಮೂರು: ಒಂದೇ ಗುಂಪಿನ ವಿಷವನ್ನು ಸತತವಾಗಿ ಹೊಡೆಯಬೇಡಿ. ಎರಡು ಮೂರು ಔಷಧಿಗಳನ್ನು ಒಂದೇ ಟ್ಯಾಂಕಿಗೆ ಕಲಸುವ ರೂಢಿಯನ್ನು ಬಿಡಿ.

ನಾಲ್ಕು: ಹೂವು ಕೊಯ್ದಾದ ಮೇಲೆ ಸಂಜೆ ಸಿಂಪಡಿಸಿ. ಉದ್ದ ತೋಳಿನ ಅಂಗಿ, ಕೈಗವಸು, ಮುಖಕ್ಕೆ ಮುಸುಕು ಇರಲಿ. ಮಾರನೆಯ ಬೆಳಗ್ಗೆ ಆ ಭಾಗಕ್ಕೆ ಯಾರನ್ನೂ ಇಳಿಸಬೇಡಿ. ಕನಿಷ್ಠ ಎರಡು ದಿನದ ಹೂವು ನಷ್ಟವಾಗುತ್ತದೆ, ಒಪ್ಪುತ್ತೇನೆ. ತೋಟವನ್ನು ಮೂರು ಭಾಗ ಮಾಡಿರೆಂದು ಮೇಲೆ ಹೇಳಿದ್ದು ಈ ನಷ್ಟ ಮೂರನೆಯ ಒಂದಕ್ಕೆ ಇಳಿಯಲೆಂದೇ.

ಐದು: ಮನೆಯಲ್ಲಿ ಹಳೆಯ ಡೈಕೋಫಾಲ್, ಡೈನೋಕ್ಯಾಪ್ ಉಳಿದಿದ್ದರೆ ‘ದುಡ್ಡು ಕೊಟ್ಟದ್ದಲ್ಲವೆ’ ಎಂದು ಹೊಡೆಯಬೇಡಿ. ಕೆರೆಗೆ, ಕೊಳವೆ ಬಾವಿಯ ಹತ್ತಿರ ಸುರಿಯಬೇಡಿ. ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ನಿಮ್ಮ ಭಾಗದ ಕೃಷಿ ಅಥವಾ ತೋಟಗಾರಿಕೆ ಅಧಿಕಾರಿಗೆ ತಿಳಿಸಿ.

ನಮ್ಮ ಪಾಲಿನ ಕೆಲಸ

ಎಲ್ಲ ಹೊರೆಯನ್ನೂ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ಔಷಧಿಯನ್ನು ನಿಲ್ಲಿಸುವ ಆಜ್ಞೆ ಗೆಜೆಟ್ಟಿನಲ್ಲಿ ಅಚ್ಚಾದರೆ ಹಳ್ಳಿಗೆ ಮುಟ್ಟಿದಂತಾಗುವುದಿಲ್ಲ. ಯಾವುದು ಹೋಯಿತು, ಅದರ ಬದಲು ಏನು ಎಂಬ ಒಂದು ಪುಟದ ಪಟ್ಟಿ ಕನ್ನಡದಲ್ಲಿ ಪ್ರತಿ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ, ಪ್ರತಿ ಔಷಧಿ ಅಂಗಡಿಯ ಮುಂದೆ ಇರಬೇಕು. ಹಳೆಯ ಕೈಪಿಡಿಗಳಲ್ಲಿ ಉಳಿದಿರುವ ಹಳೆಯ ಶಿಫಾರಸ್ಸಿನ ಮೇಲೆ ಗೀಟು ಎಳೆಯುವ ಕೆಲಸ ನಮ್ಮದು. ಉಳಿದ ದಾಸ್ತಾನನ್ನು ರೈತನಿಂದ ವಾಪಸು ಪಡೆಯುವ ಏರ್ಪಾಡು ಆಗಬೇಕು. ಬೀಗ ಹಾಕಿಡಿ ಎಂದು ಹೇಳಿ ಕೈತೊಳೆದುಕೊಂಡರೆ ಸಾಲದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ’ ಹೆಸರಿನ ಗುಲಾಬಿ ತಳಿಗಳನ್ನು ಹೊರತಂದಿದೆ. ಯಾವ ತಳಿ ನಿಮ್ಮ ಹೋಬಳಿಯಲ್ಲಿ ಕಡಿಮೆ ಸಿಂಪರಣೆಗೆ ನಿಲ್ಲುತ್ತದೆ ಎಂಬುದನ್ನು ರೈತರ ಹೊಲದಲ್ಲಿಯೇ ಬೆಳೆಸಿ ತೋರಿಸಬೇಕಾದದ್ದೂ ವಿಸ್ತರಣಾ ಕಾರ್ಯಕರ್ತರ ಹೊಣೆ.

ನಿಮ್ಮಿಂದ ಆಗಬೇಕಾದ ಕೆಲಸವೂ ಒಂದಿದೆ. ಈ ಪುಟವನ್ನು ವಾಚನಾಲಯದಲ್ಲಿ ಓದುತ್ತಿರುವವರು ಅಲ್ಲಿಯೇ ನಾಲ್ಕು ಜನ ಕೂತು ಮಾತನಾಡಿ. ಒಬ್ಬನೇ ಸಿಂಪರಣೆ ತಗ್ಗಿಸಿದರೆ ಪಕ್ಕದ ತೋಟದಿಂದ ನುಸಿ ಬರುತ್ತದೆ. ಒಂದು ಬಯಲಿನವರೆಲ್ಲ ಸೇರಿ ಬಿದ್ದ ಎಲೆ ಗುಡಿಸಿದರೆ, ಒಟ್ಟಾಗಿ ಕೊಯ್ಲಿನ ಬಿಡುವು ಗೊತ್ತುಮಾಡಿಕೊಂಡರೆ ಎಲ್ಲರ ಖರ್ಚೂ ಇಳಿಯುತ್ತದೆ. ಮನೆಯ ಮುಂದೆ ನಾಲ್ಕೇ ಗಿಡ ಹಾಕಿಕೊಂಡವರಿಗೂ ಇದೇ ಮಾತು: ನಾಲ್ಕು ಗಿಡಕ್ಕೆ ಬಾಟಲಿಯ ಅಗತ್ಯವೇ ಇಲ್ಲ, ಕತ್ತರಿ, ಪೊರಕೆ, ನೀರಿನ ಪೈಪು ಸಾಕು.

ಮೊದಲು ಹೇಳಿದ ತೋಟಕ್ಕೆ ಕಳೆದ ವಾರ ಮತ್ತೆ ಹೋಗಿದ್ದೆ. ಚಾಟನಿ ಮಾಡಿ ಗಾಳಿಗೆ ದಾರಿ ಬಿಟ್ಟಿದ್ದಾರೆ. ನುಸಿ ಪೂರ್ತಿ ಹೋಗಿಲ್ಲ, ಆದರೆ ಹೊಸ ಎಲೆ ಹಸಿರಾಗಿದೆ. ಆ ತಾಯಿಯ ಕೈ ಮಾಯುತ್ತಿದೆ. ಹಳೆಯ ಚೀಟಿಯನ್ನು ನಾನೇ ಕೇಳಿ ಪಡೆದುಕೊಂಡು ಬಂದೆ. ನಿಮ್ಮ ಮನೆಯ ಪಂಚಾಂಗದಲ್ಲಿ, ಸೂರಿನ ಸಂದಿಯಲ್ಲಿ, ನನ್ನಂಥವರು ಬರೆದುಕೊಟ್ಟ ಇಂಥ ಚೀಟಿ ಇದ್ದರೆ ಇಂದೇ ಹುಡುಕಿ ತೆಗೆಯಿರಿ. ಅದರಲ್ಲಿ ಈ ಹೆಸರುಗಳಿದ್ದರೆ ಹರಿದುಹಾಕಿ, ಮುಂದಿನ ಸಲ ನಿಮ್ಮ ಊರಿಗೆ ಅಧಿಕಾರಿ ಬಂದಾಗ ಹೊಸದನ್ನು ಬರೆಸಿಕೊಳ್ಳಿ. ಬರೆದ ತಾರೀಖನ್ನೂ ಅದರ ಮೇಲೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.